ಹನ್ನೊಂದನೇ ಕೇಸು

ಗುರುಬಾಯಿ ಸ್ಮಾರಕ ದವಾಖಾನೆಯ ಹೆರಿಗೆ ಕೋಣೆಗೆ ಗಂಡಸರು ಕಾಲಿಡಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆದಿದ್ದರೆ ಕೆಳಗೆ ಯಾರ ಸಹಿ ಇದೆ ಎಂದಾದರೂ ನರ್ಸಿಂಗ್ ಕಲಿಯುವ ನಾಮದೇವ ನೋಡುತ್ತಿದ್ದ. ಅದು ಬರೀ ಬಾಯಿಮಾತಿನ ಹುಕುಂ. ದೊಡ್ಡ ಡಾಕ್ಟರು ಗಂಡಸೇ. ಚಪ್ಪಲಿ ಹೊರಗೆ ಬಿಟ್ಟು ದಿನಕ್ಕೆ ನಾಲ್ಕು ಸಲ ಒಳಗೆ ಹೋಗಿ ಬರುತ್ತಿದ್ದರು. ಬಕೀಟು ಒಯ್ಯುವ ಹಾಜಿಮಲಂಗ್ ಗಂಡಸೇ. ಫ್ಯಾನು ಕೆಟ್ಟರೆ ಬರುವ ವೈರ್‌ಮನ್ ಕೂಡ ಗಂಡಸೇ. ಹೆರುವವರ ತಲೆಯ ಮೇಲೆಯೇ ಏಣಿ ಹಾಕಿ ನಿಂತು ಸ್ಕ್ರೂ ತಿರುವುತ್ತಿದ್ದ. ಹೆರಿಗೆ ಮಾಡಿಸುವುದನ್ನೇ ಕಲಿಯಲೆಂದು ಬಂದ ನರ್ಸಿಂಗ್ ಹುಡುಗರು ಮಾತ್ರ ನೀಲಿ ಪರದೆಯ ಈಚೆ ನಿಲ್ಲಬೇಕು.

ಶಹಾಬಾದ ಊರು ದಾಟಿ, ನೆಲಕ್ಕೆ ಹಾಸುವ ಫರಸಿಕಲ್ಲಿನ ಖಣಿಗಳ ಕಡೆಗೆ ಹೋಗುವ ದಾರಿಯಲ್ಲಿತ್ತು ಆ ದವಾಖಾನೆ. ಅದರ ಹಿಂದೆಯೇ ನರ್ಸಿಂಗ್ ಶಾಲೆ. ಇಸವಿ ಸಾವಿರದ ಒಂಬೈನೂರ ಎಂಬತ್ತೈದು. ನಾಮದೇವನ ತರಗತಿಯಲ್ಲಿ ಇಪ್ಪತ್ತೆರಡು ಹುಡುಗಿಯರು, ನಾಲ್ಕೇ ಹುಡುಗರು. ಮೊದಲೆಲ್ಲ ಹುಡುಗರಿಗೆ ಹೆರಿಗೆ ಪಾಠದ ಬದಲು ಹುಚ್ಚರ ವಾರ್ಡಿನದೋ ಕಣ್ಣಿನ ವಾರ್ಡಿನದೋ ತರಬೇತಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಹೊಸ ಪಾಠಪಟ್ಟಿ ಬಂದ ಮೇಲೆ ಹುಡುಗರೂ ಇಪ್ಪತ್ತು ಹೆರಿಗೆ ಮಾಡಿಸಿ ಕೇಸ್‌ಬುಕ್ಕಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದಾಯಿತು.

ನಾಮದೇವ ಚಿಮ್ಮನಚೋಡದವನು. ಅವನ ಕೇರಿಯಿಂದ ಪಿಯುಸಿ ದಾಟಿದ ಮೊದಲನೆಯವನು. ಟ್ಯೂಟರ್ ಸುಂದರಬಾಯಿ ಸಿಸ್ಟರ್ ತರಗತಿಯಲ್ಲಿ ಮರದ ಎಲುಬುಗೂಡು ಮತ್ತು ಬಟ್ಟೆಯ ಕೂಸು ಇಟ್ಟುಕೊಂಡು ಹೆರಿಗೆ ಕಲಿಸುತ್ತಿದ್ದರು. ಕೂಸಿನ ತಲೆ ಹೇಗೆ ತಿರುಗುತ್ತದೆ, ಹೆಗಲು ಯಾವಾಗ ಹೊರಬರುತ್ತದೆ, ಹೆತ್ತ ಮೇಲೆ ಗರ್ಭಚೀಲ ಮೆತ್ತಗಾದರೆ ಏನು ಮಾಡಬೇಕು, ಎಲ್ಲವನ್ನೂ ನಾಮದೇವ ಹುಡುಗಿಯರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತಿದ್ದ. ಥಿಯರಿ ಪರೀಕ್ಷೆಯಲ್ಲಿ ಅವನೇ ಮೊದಲು.

ಹೆರಿಗೆ ವಾರ್ಡಿನ ಡ್ಯೂಟಿ ಹತ್ತಿದ ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದರೆ, ಪ್ರಿನ್ಸಿಪಾಲ್ ದೇವಿಂದ್ರಪ್ಪನವರೇ ಬಾಗಿಲಲ್ಲಿ ನಿಂತಿದ್ದರು.

"ನೀವು ನಾಕೂ ಮಂದಿ ವರಾಂಡಾದಾಗ ಇರ್ರಿ. ಸಾಮಾನು ಕುದಿಸ್ರಿ, ಗ್ಲೌಸಿಗಿ ಪೌಡರ್ ಹಚ್ರಿ. ಒಳಗ ಹೋಗೂದು ಬ್ಯಾಡ."

"ಸರ್, ಮತ್ತ ನಮ್ಮ ಕೇಸು?" ಎಂದ ನಾಮದೇವ.

"ಅದರ ಚಿಂತಿ ನಿನಗ್ಯಾಕ? ಟೈಮಿಗಿ ಆಗ್ತಾವ. ನಮ್ಮ ಕಡಿ ಹೆಣ್ಣಮಕ್ಕಳು ಭಾಳ ನಾಚ್ತಾರಪಾ. ನಾಳಿ ಯಾರರ ಬಂದು ಗದ್ದಲ ಮಾಡಿದ್ರ ದವಾಖಾನಿ ಹೆಸರು ಕೆಡ್ತದ."

"ಡಾಕ್ಟರ್ ಸಾಹೇಬ್ರು ಹೋಗ್ತಾರಲ್ರಿ?"

ದೇವಿಂದ್ರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅವರು ಡಾಕ್ಟರ್. ನೀ ಯಾವೂರಾವ ಅಂದಿ? ಚಿಮ್ಮನಚೋಡ? ಅಲ್ಲಿ ಯಾವ ಓಣಿ?"

ಓಣಿಯ ಮಾತು ಇಲ್ಲಿ ಯಾಕೆ ಬಂತೆಂದು ಉಳಿದ ಮೂವರಿಗೆ ತಿಳಿಯಲಿಲ್ಲ. ನಾಮದೇವನಿಗೆ ತಿಳಿಯಿತು. ಅವನ ಅಪ್ಪ ಊರ ಮನೆಗಳ ಮುಂದೆ ಹೊಸ್ತಿಲ ಈಚೆ ನಿಂತೇ ಮಾತಾಡಿದವನು. ಕೊಡುವುದನ್ನು ಕೊಟ್ಟು, ಇಸಿದುಕೊಳ್ಳುವುದನ್ನು ಹೊರಗಿಂದಲೇ ಇಸಿದುಕೊಂಡವನು. ಬಿಳಿ ಅಂಗಿ ಹಾಕಿದರೆ ಆ ನಿಲ್ಲುವುದು ಮುಗಿಯುತ್ತದೆ ಎಂದು ನಾಮದೇವ ನಂಬಿದ್ದ. ಈಗ ಅವನೂ ಕುದಿಸಿದ ಕತ್ತರಿಗಳನ್ನು ತಟ್ಟೆಯಲ್ಲಿಟ್ಟು ಪರದೆಯ ಸಂದಿಯಿಂದ ಒಳಗೆ ಚಾಚುತ್ತಿದ್ದ. ಒಳಗಿನಿಂದ ಒಂದು ಕೈ ಬಂದು ತೆಗೆದುಕೊಳ್ಳುತ್ತಿತ್ತು.

"ನಾ ಗಂಡಸಲ್ಲೇನು?" ಎಂದು ಹಾಜಿಮಲಂಗ್ ಬೀಡಿ ಹಚ್ಚುತ್ತ ನಗುತ್ತಿದ್ದ. "ಇಪ್ಪತ್ತು ವರ್ಷ ಆತು ಒಳಗ ಹೋಗ್ಲಿಕತ್ತು. ಒಬ್ಬಾಕಿನೂ ನನಗ ನಾಚಿಲ್ಲ. ಬ್ಯಾನಿ ತಿನ್ನಾಕಿಗಿ ನಾಚಿಕಿಗೆಲ್ಲಿ ಪುರಸೊತ್ತದ ತಮ್ಮಾ?"

ಹೀಗೆ ಎರಡು ತಿಂಗಳು ಕಳೆದವು. ಒಂದು ಮಂಗಳವಾರ ನಾಲವಾರದಿಂದ ಮರೆಮ್ಮ ಎಂಬ ಇಪ್ಪತ್ತೆರಡರ ಹುಡುಗಿ ಹೆರಿಗೆಗೆ ಬಂದಳು. ಜೊತೆಯಲ್ಲಿ ತಾಯಿ ಭೀಮಮ್ಮ. ಇಬ್ಬರೂ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ಬಂದಿದ್ದರು. ಮರೆಮ್ಮನ ಗಂಡ ದುಡಿಯಲು ಹೈದರಾಬಾದಿಗೆ ಹೋದವನು ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಸುಸೂತ್ರವಾಗಿ ಗಂಡು ಕೂಸು ಹುಟ್ಟಿತು. ಹೆರಿಗೆ ಕೋಣೆಯ ಜೈಬುನ್ನೀಸಾ ಸಿಸ್ಟರ್ ಹಿಂದಿನ ದಿನ ಬೆಳಗ್ಗೆಯಿಂದ ನಿಂತೇ ಇದ್ದವರು, ಎರಡು ತುತ್ತು ಉಂಡು ಬರುತ್ತೇನೆಂದು ಕ್ವಾರ್ಟರ್ಸಿಗೆ ಹೋದರು. ಎರಡನೇ ವರ್ಷದ ಹುಡುಗಿ ಗುಲ್ಶನ್ ಒಬ್ಬಳೇ ಉಳಿದಳು.

ಎರಡು ಗಂಟೆಯ ಹೊತ್ತಿಗೆ ಗುಲ್ಶನ್ ಪರದೆ ಸರಿಸಿಕೊಂಡು ಓಡಿಬಂದಳು.

"ನಾಮದೇವಣ್ಣಾ, ಮರೆಮ್ಮಗ ಬ್ಲೀಡಿಂಗ್ ನಿಲ್ಲವಲ್ದು! ಸಿಸ್ಟರಗ್ ಕರ್ಕೊಂಡು ಬರ್ತೀನಿ!" ಎಂದವಳೇ ಕ್ವಾರ್ಟರ್ಸಿನ ಕಡೆ ಓಡಿದಳು. ದೊಡ್ಡ ಡಾಕ್ಟರು ಆಪರೇಶನ್ ಕೋಣೆಯಲ್ಲಿದ್ದರು.

ನಾಮದೇವನ ಕೈಯಲ್ಲಿ ಗ್ಲೌಸುಗಳಿದ್ದವು. ಏನು ಮಾಡಬೇಕೆಂದು ಅವನಿಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು. ಹೊಕ್ಕಳ ಕೆಳಗೆ ಕೈಯಿಟ್ಟು ಗರ್ಭಚೀಲ ಗಟ್ಟಿಯಾಗುವ ತನಕ ತಿಕ್ಕಬೇಕು, ಟ್ರೇಯಲ್ಲಿರುವ ಇಂಜೆಕ್ಷನ್ ಕೊಡಬೇಕು, ಸಲೈನು ಏರಿಸಬೇಕು. ಆ ಟ್ರೇ ಜೋಡಿಸಿ ಕೊಟ್ಟವನೂ ಅವನೇ. ಗೊತ್ತಿದ್ದೂ ಅವನು ನಿಂತ. ಎರಡು ತಿಂಗಳು ನಿಂತೂ ನಿಂತು ಕಾಲಿಗೆ ಅದೇ ರೂಢಿಯಾಗಿತ್ತು.

ಭೀಮಮ್ಮ ಹೊರಗೆ ಬಂದವಳು ಅವನ ಕೈ ಹಿಡಿದಳು. "ಯಪ್ಪಾ, ನೀ ದವಾಖಾನಿ ಮನಷ್ಯಾ ಅಲ್ಲೇನು? ಬಾ, ಒಳಗ ಬಾ, ನನ್ನ ಮಗಳು ಹೋಗ್ಲಿಕತ್ತಾಳ!"

"ನನಗ ಒಳಗ ಬರ್ಲಾಕ ಹುಕುಂ ಇಲ್ಲವ್ವಾ. ನೀನೇ ಹೋಗಿ ಹೊಟ್ಟಿ ತಿಕ್ಕು, ಹೊಕ್ಕಳ ಕೆಳಗ, ಜೋರಲೆ ತಿಕ್ಕು!"

ಭೀಮಮ್ಮ ಕೈಬಿಟ್ಟು ಒಳಗೆ ಓಡಿದಳು. ನಾಮದೇವ ಪರದೆಯ ಈಚೆ ನಿಂತು, "ಇನ್ನಾ ಜೋರಲೆ! ಗಟ್ಟಿ ಆತೇನು? ಕೈ ಬಿಡಬ್ಯಾಡ!" ಎಂದು ಕೂಗುತ್ತಿದ್ದ. "ಎಲ್ಲಿ ತಿಕ್ಕಬೇಕೋ ನನಗ ತಿಳೀವಲ್ದೋ!" ಎಂದು ಒಳಗಿನಿಂದ ಅವಳು ಕೂಗುತ್ತಿದ್ದಳು. ಮರೆಮ್ಮನ ದನಿ ಮೊದಲು ನರಳುತ್ತಿತ್ತು, ಆಮೇಲೆ ನೀರು ಕೇಳಿತು, ಆಮೇಲೆ ಕೇಳಿಸಲೇ ಇಲ್ಲ. ಆಗ ನಾಮದೇವ ಪರದೆಯನ್ನು ಕಂಬಿಯ ಸಮೇತ ಕಿತ್ತೊಗೆದು ಒಳಗೆ ನುಗ್ಗಿದ. ಮಂಚದ ಕೆಳಗಿನ ಫರಸಿಯ ಮೇಲೆ ರಕ್ತ ಹರಿದು ಗೋಡೆ ಮುಟ್ಟಿತ್ತು. ಕೈಯಿಟ್ಟು ತಿಕ್ಕಿದ. ನಾಲ್ಕೇ ಉಜ್ಜಿಗೆ ಗರ್ಭಚೀಲ ಅವನ ಅಂಗೈ ಕೆಳಗೆ ಚೆಂಡಿನ ಹಾಗೆ ಗಟ್ಟಿಯಾಯಿತು. ಇಂಜೆಕ್ಷನ್ ಕೊಟ್ಟ. ರಕ್ತ ನಿಂತಿತು. ಆದರೆ ಹೋಗಬೇಕಾದದ್ದೆಲ್ಲ ಆಗಲೇ ಹೋಗಿತ್ತು. ಜೈಬುನ್ನೀಸಾ ಸಿಸ್ಟರ್ ಓಡಿಬಂದರು, ಡಾಕ್ಟರೂ ಬಂದರು. ಸಲೈನು ಏರುತ್ತಿರುವಾಗಲೇ, ನಾಲ್ಕು ಗಂಟೆಗೆ, ಮರೆಮ್ಮ ತೀರಿಕೊಂಡಳು.

ಗುಲ್ಶನ್ ಓಡಿದಾಗಿನಿಂದ ತಾನು ಒಳಗೆ ಹೋಗುವವರೆಗೆ ಹನ್ನೆರಡು ನಿಮಿಷ. ವರಾಂಡದ ಗಡಿಯಾರವನ್ನು ಅವನೇ ನೋಡಿದ್ದ.

ಸಂಜೆ ದೇವಿಂದ್ರಪ್ಪ ಅವನನ್ನು ಕರೆಸಿದರು. ಬೈಯಲಿಲ್ಲ. ಮೆತ್ತಗೆ, ಒಳ್ಳೆಯ ಮಾತು ಹೇಳುವವರ ಹಾಗೆ ಹೇಳಿದರು: "ನೀ ಅಲ್ಲಿ ಇರಲೇ ಇಲ್ಲ, ತಿಳೀತೇನು? ನಿನಗ ಛಲೋ, ನಮಗ ಛಲೋ. ಗಂಡಸು ಕೈ ಹಚ್ಚಿದ್ದಕ್ಕೇ ಸತ್ತಳು ಅಂತ ಮಂದಿ ಅಂದ್ರ ನಿನ್ನ ಜಲ್ಮ ಹಾಳಾಗ್ತದ." ನಾಮದೇವ ಎದ್ದು ಬಂದ. ಆ ದಿನ ಅವನಲ್ಲಿ ಸಿಟ್ಟು ಇನ್ನೂ ಹುಟ್ಟಿರಲಿಲ್ಲ. ಅಂಗೈಯೊಳಗೆ ಆ ಗಟ್ಟಿಯಾದ ಗರ್ಭಚೀಲ ಇನ್ನೂ ಕೂತಿತ್ತು, ಅಷ್ಟೇ.

ಸಿಟ್ಟು ಹುಟ್ಟಿದ್ದು ಹದಿನೈದು ದಿನ ಬಿಟ್ಟು. ಕೇಸ್‌ಬುಕ್ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಸುಂದರಬಾಯಿ ಸಿಸ್ಟರ್ ನಾಲ್ಕೂ ಹುಡುಗರನ್ನು ಲೈಬ್ರರಿಯಲ್ಲಿ ಕೂರಿಸಿ ಹೆರಿಗೆ ರಿಜಿಸ್ಟರು ತಂದಿಟ್ಟರು. ಒಬ್ಬೊಬ್ಬರ ಪಾಲಿಗೆ ಇಪ್ಪತ್ತು ಹೆರಿಗೆ ಗುರುತು ಹಾಕಿದ್ದರು. ಹುಡುಗರು ಅವನ್ನು ತಾವೇ ಮಾಡಿಸಿದಂತೆ ಕೇಸ್‌ಬುಕ್ಕಿಗೆ ನೋಡಿ ಬರೆಯುವುದು, ಕೆಳಗೆ ಸಿಸ್ಟರ್ ಸಹಿ ಹಾಕುವುದು. ಹುಡುಗರ "ಚಿಂತಿ" ಟೈಮಿಗೆ ಸರಿಯಾಗಿ ಹೀಗೆ ತೀರುವುದಿತ್ತು. ನಾಮದೇವನ ಗೆಳೆಯ ಸೂರ್ಯಕಾಂತ ಪೆನ್ನಿಗೆ ಇಂಕು ತುಂಬಿ ಬರೆಯಲು ಹತ್ತಿಯೇಬಿಟ್ಟ.

ನಾಮದೇವ ಹತ್ತು ಬರೆದ. ಸುಳ್ಳು ಬರೆಯುತ್ತಿದ್ದೇನೆಂದು ಗೊತ್ತಿದ್ದೇ ಬರೆದ; ಎಲ್ಲರೂ ಬರೆಯುತ್ತಿದ್ದರು. ಹನ್ನೊಂದನೆಯದಕ್ಕೆ ಬಂದಾಗ ಅವನ ಕೈ ನಿಂತಿತು. ಮರೆಮ್ಮ, ವಯಸ್ಸು ಇಪ್ಪತ್ತೆರಡು, ನಾಲವಾರ. ಸಹಜ ಹೆರಿಗೆ. ಗಂಡು ಮಗು. ತಾಯಿ ಮಗು ಇಬ್ಬರೂ ಕ್ಷೇಮ.

ಕೂಸು ಹುಟ್ಟಿದ ಕೂಡಲೇ ಬರೆದ ಸಾಲು ಅದು. ಆಮೇಲೆ ಯಾರೂ ತಿದ್ದಿರಲಿಲ್ಲ. ಯಾವ ಹೆಣ್ಣುಮಗಳ ಬಾಗಿಲಲ್ಲಿ ತನ್ನನ್ನು ನಿಲ್ಲಿಸಿದ್ದರೋ, ಅವಳ ಹೆರಿಗೆಯನ್ನು ತಾನೇ ಮಾಡಿಸಿದೆನೆಂದು, ಅವಳು ಕ್ಷೇಮವೆಂದು, ತನ್ನ ಕೈಯಿಂದಲೇ ಬರೆದು ಪಾಸಾಗಬೇಕು.

"ಸಿಸ್ಟರ್, ಇದು ನಾ ಬರಿಯಂಗಿಲ್ಲ."

"ಇದು ಬಿಟ್ಟು ಬ್ಯಾರೇದು ಬರಿ," ಎಂದರು ಸುಂದರಬಾಯಿ, ತಲೆ ಎತ್ತದೆ.

"ಯಾವುದೂ ಬರಿಯಂಗಿಲ್ಲ." ಬರೆದಿದ್ದ ಹತ್ತೂ ಹಾಳೆಗಳನ್ನು ಹರಿದು ಮೇಜಿನ ಮೇಲಿಟ್ಟ.

ದೇವಿಂದ್ರಪ್ಪನವರ ಕೋಣೆಯಲ್ಲಿ ದೊಡ್ಡ ಮಾತಾಯಿತು. "ಬರೀರಿ ಸರ್," ಎಂದ ನಾಮದೇವ, "ನನ್ನ ಹೆಸರಿಲೆ ಬರೀರಿ. ಮೂರನೇ ವರ್ಷದ ನಾಮದೇವ ಬಾಗಲದಾಗ ನಿಂತಿದ್ದ, ಕೆಲಸ ಬರ್ತಿತ್ತು, ನಾವು ಬಿಡಲಿಲ್ಲ ಅಂತ ಬರೀರಿ. ಅದಕ್ಕ ನಾ ಸಹಿ ಹಾಕ್ತೀನಿ."

"ಕೇಸ್‌ಬುಕ್ ಇಲ್ಲಂದ್ರ ಹಾಲ್‌ಟಿಕೆಟ್ ಇಲ್ಲ. ಮನಿಗಿ ನಡಿ. ತಲಿ ತಣ್ಣಗಾದ ಮ್ಯಾಲ ಬಾ."

ಅವನು ಮನೆಗೆ ಹೋಗಲಿಲ್ಲ. ವಾಡಿಯಲ್ಲಿ ಗಾಡಿ ಬದಲಿಸಿ ನಾಲವಾರಕ್ಕೆ ಹೋದ. ಸ್ಟೇಶನ್ನಿನಲ್ಲಿ ಕೇಳಿ ಭೀಮಮ್ಮನ ಮನೆ ಹುಡುಕಿದ. ಅವಳು ಕಟ್ಟೆಯ ಮೇಲೆ ಕೂತು, ಅರಳೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಮೊಮ್ಮಗನ ಬಾಯಿಗೆ ಇಡುತ್ತಿದ್ದಳು. ಅವನ ಗುರುತು ಹತ್ತಿತು.

"ಯಾಕ ಬಂದಿಯಪ್ಪಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವನಿಗೆ ಮರೆತುಹೋಯಿತು. ನಿಂತಲ್ಲೇ ಹೇಳಿದ: "ನಾ ಮೊದಲೇ ಒಳಗ ಬಂದಿದ್ರ ನಿನ್ನ ಮಗಳು ಉಳೀತಿದ್ದಳವ್ವಾ. ನನಗ ಆ ಕೆಲಸ ಬರ್ತಿತ್ತು."

ಭೀಮಮ್ಮ ಕೂಸನ್ನು ಚಾಪೆಯ ಮೇಲೆ ಮಲಗಿಸಿದಳು. ಎದ್ದು ಬಂದು ಅವನ ಕಪಾಳಕ್ಕೆ ಬಾರಿಸಿದಳು. ಇನ್ನೊಂದು ಬಾರಿಸಿದಳು.

"ಕೈ ಹಿಡದು ಎಳದೆನಲ್ಲೋ! ಹೊಟ್ಟಿ ಎಲ್ಲಿ ತಿಕ್ಕಬೇಕು ಅಂತ ತಿಳೀದೆ ನಾ ಅಲ್ಲಿ ಬಡಕೊಳ್ಳಾಕತ್ತಿದ್ರ, ತಿಳದಾವ ನೀ ಹೊರಗ ನಿಂತು ಕೂಗ್ತಿದ್ಯಾ? ಯಾರ ಹುಕುಂ ಅದು?"

"ದವಾಖಾನಿಯವರದು. ಹೆಣ್ಣಮಕ್ಕಳು ನಾಚ್ತಾರಂತ."

"ನನ್ನ ಮಗಳಿಗಿ ಕೇಳಿದ್ರೇನು?"

"ಇಲ್ಲ."

"ನನಗ ಕೇಳಿದ್ರೇನು?"

"ಯಾರಿಗೂ ಕೇಳಿಲ್ಲವ್ವಾ."

ಅವಳು ಕುಸಿದು ಕೂತಳು. ಕೂಸು ಅತ್ತಿತು, ನಾಮದೇವನೇ ಬತ್ತಿ ಅದ್ದಿ ಅದರ ಬಾಯಿಗೆ ಇಟ್ಟ. ಆಮೇಲೆ ಅವಳು, "ಬಸುರಿ ಹೆಂಗಸ್ರು ಎಂದು ಬರ್ತಾರ ಅಲ್ಲಿ?" ಎಂದು ಕೇಳಿದಳು.

"ಗುರುವಾರ."

ಗುರುವಾರ ಹತ್ತು ಗಂಟೆಗೆ ಭೀಮಮ್ಮ ಕೂಸನ್ನು ಕಂಕುಳಲ್ಲಿ ಕಟ್ಟಿಕೊಂಡು ದವಾಖಾನೆಗೆ ಬಂದಳು. ಜೊತೆಗೆ ನಾಮದೇವ. ಮೂವತ್ತು ನಲವತ್ತು ಹೆಂಗಸರು ಚೀಟಿ ಹಿಡಿದು ಫರಸಿಯ ಮೇಲೆ ಸಾಲಾಗಿ ಕೂತಿದ್ದರು. ಅವಳು ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗುತ್ತಾಳೆಂದು ನಾಮದೇವ ಎಣಿಸಿದ್ದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಆ ಹೆಂಗಸರ ನಡುವೆ ಹೋಗಿ ನಿಂತಳು.

"ಇದು ನನ್ನ ಮಗಳ ಕೂಸು. ಆಕಿ ಆ ಕ್ವಾಣ್ಯಾಗ ರಕ್ತ ಹೋಗಿ ಸತ್ತಳು. ಈ ಹುಡುಗ ನರ್ಸು. ರಕ್ತ ನಿಲ್ಲಸ್ಲಾಕ ಇವಗ ಬರ್ತಿತ್ತು. ಇವಗ ಹೊರಗ ನಿಲ್ಲಿಸಿದ್ರು. ಯಾಕ ಗೊತ್ತೇನು? ನಾವು ನಾಚ್ತೀವಂತ! ಹೇಳ್ರಿ, ನಿಮಗ ಯಾರಿಗರ ಕೇಳ್ಯಾರೇನು?"

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. "ಗಂಡಸು ಬಂದ್ರ ನಮ್ಮತ್ತಿ ಮನ್ಯಾಗ ಇಟ್ಟುಕೊಳ್ಳಂಗಿಲ್ಲ" ಎಂದಳು ಒಬ್ಬಳು. "ಸತ್ರ ಇಟ್ಟುಕೊಂತಾಳೇನು?" ಎಂದು ಇನ್ನೊಬ್ಬಳು ರೇಗಿದಳು. ಗದ್ದಲ ಕೇಳಿ ದೇವಿಂದ್ರಪ್ಪ ಬಂದರು, ಸುಂದರಬಾಯಿ ಬಂದರು. "ನೋಡ್ರಿ, ನಿಮ್ಮ ಮಾನ ಮರ್ಯಾದಿ ಸಲುವಾಗೇ ನಾವು..." ಎಂದು ದೇವಿಂದ್ರಪ್ಪ ಶುರುಮಾಡುವಷ್ಟರಲ್ಲಿ ಲತೀಫಾ ಎಂಬ ತುಂಬು ಬಸುರಿ ಗೋಡೆ ಹಿಡಿದು ಎದ್ದಳು.

"ಸಾಬ್, ನನಗ ಗಂಡಸು ಬ್ಯಾಡ. ನಾ ಅಂಜ್ತೀನಿ, ಖರೇ. ಆದ್ರ ಅದು ನಾ ಹೇಳೂ ಮಾತು. ನನ್ನ ನಾಚಿಕಿ ನೀವ್ಯಾಕ ಹೇಳ್ತೀರಿ? ಜೀಂವ ಹೋಗೂ ಹೊತ್ತಿನ್ಯಾಗ ನಾ ಬ್ಯಾಡ ಅಂತೀನೋ ಬೇಕು ಅಂತೀನೋ, ನಿಮಗೇನು ಗೊತ್ತು?"

ಹೆಂಗಸರ ಹಿಂದೆ ಜೈಬುನ್ನೀಸಾ ಸಿಸ್ಟರ್ ರಿಜಿಸ್ಟರು ಎದೆಗೆ ಅವುಚಿಕೊಂಡು ನಿಂತಿದ್ದರು. ಅವರು ಮೇಜಿಗೆ ಹೋಗಿ, ಎಲ್ಲರೆದುರೇ ಮರೆಮ್ಮನ ಹೆಸರಿದ್ದ ಪುಟ, ನಾಮದೇವನ ಪಾಲಿನ ಆ ಹನ್ನೊಂದನೇ ಕೇಸು, ತೆಗೆದರು. "ಕ್ಷೇಮ" ಎಂಬುದರ ಮೇಲೆ ಗೀಟೆಳೆದು, ರಕ್ತ ಹೋಗಿ ನಾಲ್ಕು ಗಂಟೆಗೆ ಮರಣ ಎಂದು ಬರೆದರು. ಕೆಲಸ ಬಲ್ಲ ವಿದ್ಯಾರ್ಥಿಯನ್ನು ಪ್ರಿನ್ಸಿಪಾಲರ ಹುಕುಮಿನಂತೆ ಹೊರಗೆ ನಿಲ್ಲಿಸಲಾಗಿತ್ತು ಎಂದೂ, ಆ ಹೊತ್ತಿನಲ್ಲಿ ತಾನು ಕೋಣೆಯಲ್ಲಿ ಇರಲಿಲ್ಲ ಎಂದೂ ಬರೆದು ಸಹಿ ಹಾಕಿದರು. "ಸಿಸ್ಟರ್, ನೀವು ಏನು ಮಾಡ್ಲಿಕತ್ತೀರಿ ನಿಮಗ ಗೊತ್ತದೇನು?" ಎಂದು ದೇವಿಂದ್ರಪ್ಪ ಗುಡುಗಿದರು. "ಗೊತ್ತದ ಸರ್. ತಡಾ ಆಗ್ಯದ," ಎಂದರು ಅವರು.

ಇದರಿಂದ ಜಗತ್ತೇನೂ ಬದಲಾಗಲಿಲ್ಲ. ಜೈಬುನ್ನೀಸಾ ಸಿಸ್ಟರಿಗೆ ನೋಟಿಸು ಬಂತು. ಅವರು ಉತ್ತರ ಬರೆದು ಕೊಟ್ಟು ಕೆಲಸ ಮುಂದುವರಿಸಿದರು. ದೇವಿಂದ್ರಪ್ಪನವರಿಗೆ ಯಾರೂ ಏನೂ ಅನ್ನಲಿಲ್ಲ. ಪರದೆಯ ಹುಕುಂ ಮಾತ್ರ ರದ್ದಾಯಿತು. ಬಂದ ಪ್ರತಿಯೊಬ್ಬಳನ್ನೂ ಕೇಳುವುದು, ಅವಳು ಒಪ್ಪಿದರೆ ಹುಡುಗರು ಒಳಗೆ, ಇಲ್ಲದಿದ್ದರೆ ಹೊರಗೆ ಎಂದಾಯಿತು. ಮೊದಲ ವಾರ ಹನ್ನೊಂದು ಮಂದಿಯಲ್ಲಿ ನಾಲ್ವರು ಒಪ್ಪಿದರು. ನಾಮದೇವನಿಗೆ ಆ ಸಲದ ಪರೀಕ್ಷೆ ತಪ್ಪಿತು. ಆರು ತಿಂಗಳು ಕುಳಿತು ಒಂದೊಂದೇ ಹೆರಿಗೆ ಮಾಡಿಸಿದ. ಉಳಿದ ಮೂವರು ನೋಡಿ ಬರೆದ ಇಪ್ಪತ್ತರ ಬಲದ ಮೇಲೆ ಪಾಸಾಗಿ ಹೋದರು. ಸೂರ್ಯಕಾಂತನಿಗೆ ಸೇಡಂ ತಾಲೂಕಿನ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಕೆಲಸ ಸಿಕ್ಕಿತು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಅದೇ ಸೂರ್ಯಕಾಂತ ಬಸ್ಸಿಳಿದು ಬಂದ. ಮೋರೆ ಬಾಡಿತ್ತು.

"ಒಬ್ಬಾಕಿ ಬ್ಯಾನಿ ತಿಂತಾ ಬಂದಿದ್ಳು. ಹೆರಿಗಿ ಮಾಡಸೂ ಎಎನ್‌ಎಂ ಸಿಸ್ಟರ್ ರಜಾ ಇದ್ಳು. ನಾ..." ಅವನು ನೆಲ ನೋಡಿದ. "ನಾ ಒಳಗಿಂದ ಬಾಗಲಾ ಹಾಕ್ಕೊಂಡು ಕುಂತೆ ನಾಮದೇವ. ಬಡದು ಬಡದು, ಕಡೀಗಿ ಬಂಡ್ಯಾಗ ಹಾಕ್ಕೊಂಡು ಸೇಡಮಕ್ಕ ಒಯ್ದ್ರು. ಉಳದಾಳಂತ. ನನಗ ಹೆರಿಗಿ ಮಾಡಸೂದು ಕಲಿಸು."

ನಾಮದೇವ ಅವನ ಅಂಗಿಯ ಕೊರಳು ಹಿಡಿದು ಗೋಡೆಗೆ ಒತ್ತಿದ. "ಇಪ್ಪತ್ತು ಬರದ್ಯಲ್ಲೋ! ದುಂಡಗ, ಚಂದಗ ಬರದ್ಯಲ್ಲೋ! ಅದನ್ನ ನಂಬಿ ಬಂದಿದ್ಳಲ್ಲೋ ಆಕಿ!"

ಸೂರ್ಯಕಾಂತ ಬಿಡಿಸಿಕೊಳ್ಳಲಿಲ್ಲ. "ಬರದೆ," ಎಂದ. "ಹೊಡಿ. ಆದ್ರ ಕಲಿಸು."

ಹೊಡೆಯಬೇಕೆಂದು ಎತ್ತಿದ ಕೈ ಕೆಳಗಿಳಿಯಲು ಹೊತ್ತು ಹಿಡಿಯಿತು. ಕಡೆಗೆ ಕೊರಳು ಬಿಟ್ಟು, ತೋಳು ಹಿಡಿದು ದರದರ ಎಳೆದುಕೊಂಡು ಹೆರಿಗೆ ಕೋಣೆಯ ಮುಂದೆ ತಂದು ನಿಲ್ಲಿಸಿದ. ಜೈಬುನ್ನೀಸಾ ಸಿಸ್ಟರ್ ಸಂಗತಿ ಕೇಳಿದರು. ಒಳಗೆ ಚಿತ್ತಾಪುರ ಕಡೆಯ ಹೆಣ್ಣುಮಗಳೊಬ್ಬಳು, ಮೂರನೇ ಹೆರಿಗೆ, ಮಂಚದ ಕಂಬಿ ಹಿಡಿದು ಓಡಾಡುತ್ತಿದ್ದಳು.

"ನಾ ಕೇಳಂಗಿಲ್ಲ," ಎಂದರು ಸಿಸ್ಟರ್. "ನೀನೇ ಕೇಳು."

ಸೂರ್ಯಕಾಂತ ಬಾಗಿಲಲ್ಲೇ ನಿಂತು ಅವಳನ್ನು ಕೇಳಿದ. "ಅವ್ವಾ, ನಾ ಇಲ್ಲಿ ನಿಂತು ನೋಡಿ ಕಲೀಲೇನ್ರಿ?"

ಅವಳು ಬೇನೆ ತಡೆದುಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಂತು ನೋಡ್ಲಾಕ ಇದೇನು ಬಯಲಾಟ ಅದೇನು? ಬಾ ಇಲ್ಲಿ. ನಡಾ ಒತ್ತು."

ಸೂರ್ಯಕಾಂತ ತೋಳು ಮಡಚಿ ಒಳಗೆ ಹೋದ. ಎಲ್ಲಿ ಒತ್ತಬೇಕೆಂದು ತಿಳಿಯದೆ ಅವನ ಕೈ ತಡಕಾಡಿತು. ನಾಮದೇವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹಲ್ಲು ಕಚ್ಚಿಕೊಂಡೇ ಹೋಗಿ, ಗೆಳೆಯನ ಕೈಯನ್ನು ಸರಿಯಾದ ಜಾಗಕ್ಕೆ ಸರಿಸಿ ಇಟ್ಟ.